ಗಂಗಕ್ಕನಿಗೆ ತನಿ ಕಾರ್ಡು

ಗಂಗಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ಹೊಸೂರಿನ ಆಲಸನತ್ತದ ನಮ್ಮ ಮನೆಯ ಮಹಡಿಯಲ್ಲಿ ಅವಳು ನಕ್ಕರೆ ಬೀದಿಯಲ್ಲಿ ಸೊಪ್ಪು ಮಾರುವವಳು ತಲೆಯೆತ್ತಿ ನೋಡುತ್ತಾಳೆ. ಪೂರ್ತಿ ಹೆಸರು ಗಂಗಾದೇವಿ. ನನ್ನ ಗಂಡ ಮುನೀಶನ ಅಣ್ಣ ವೇಣು ಭಾವನ ಹೆಂಡತಿ, ನನಗೆ ಓರಗಿತ್ತಿ. ಅವಳ ಬಗ್ಗೆ ಬರೆಯಲು ಕುಳಿತರೆ ಮೊದಲು ನೆನಪಾಗುವುದು ಆ ನಗು. ಅದರ ಹಿಂದೆಯೇ, ಅದನ್ನು ಕೇಳಿದಾಗಲೆಲ್ಲ ನನ್ನ ಎದೆಯಲ್ಲಿ ಏಳುವ ಸಣ್ಣ ಉರಿ.

ಅವಳ ಮಗಳು ಮೂರನೇ ಕ್ಲಾಸು. ತನ್ನ ಜಡೆ ತಾನೇ ಹಾಕಿಕೊಂಡು, ತಿಂದ ತಟ್ಟೆ ತೊಳೆದಿಟ್ಟು ಸ್ಕೂಲ್ ವ್ಯಾನ್ ಹತ್ತುತ್ತಾಳೆ. ನನ್ನ ಮಗಳು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನವಳು. ಮೆಟ್ಟಿಲ ಬಾಯಿಗೆ ಒಂದು ಚಿಕ್ಕ ಗ್ರಿಲ್ ಗೇಟು ಹಾಕಿಸಿ ಎಂದು ಮುನೀಶನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. "ಯಾಕೆ ಮಾಲಿನಿ ಅಷ್ಟ್ ಹೆದ್ರುಕೊಂತೀಯ? ಮಕ್ಳು ಬೀಳ್ತವೆ, ಎದ್ದೇಳ್ತವೆ" ಎನ್ನುತ್ತಾಳೆ ಗಂಗಕ್ಕ. ಅವಳ ತೊಡೆಯ ಮೇಲೆ ಕುಳಿತರೆ ನನ್ನ ಮಗಳು ಒಂದು ಬಟ್ಟಲು ಅನ್ನವನ್ನು ತಕರಾರಿಲ್ಲದೆ ತಿಂದುಬಿಡುತ್ತಾಳೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಗಂಗಕ್ಕನ ತವರು ರಾಯಕೋಟೆಯ ಪಕ್ಕ. ಅಪ್ಪ ದೊಡ್ಡವೆಂಕಟಪ್ಪ ಟೊಮೆಟೊ, ಬೀನ್ಸ್ ಬೆಳೆಯುವವರು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಮೂರರಲ್ಲೂ ಅವಳು ಜಗಳವಾಡಬಲ್ಲಳು. ಬಸ್ಸಿನಲ್ಲಿ ಕೃಷ್ಣಗಿರಿಗೆ ಓಡಾಡಿ ಪಾಲಿಟೆಕ್ನಿಕ್ಕಿನಲ್ಲಿ ಡೈ ಬರೆಯುವುದನ್ನು, ಅಂದರೆ ಅದರ ನಕ್ಷೆ ಬಿಡಿಸುವುದನ್ನು, ಕಲಿತಳು. ಡೈ ಎಂದರೆ ತಗಡನ್ನು ಪ್ರೆಸ್ಸಿನಲ್ಲಿಟ್ಟು ಒಂದೇ ಏಟಿಗೆ ಬೇಕಾದ ಆಕಾರಕ್ಕೆ ಕತ್ತರಿಸುವ ಅಚ್ಚು. ಚಕ್ಕುಲಿ ಒರಳಿಗೆ ಹಾಕುವ ಬಿಲ್ಲೆ ಇದೆಯಲ್ಲ, ಅದರ ಉಕ್ಕಿನ ದೊಡ್ಡಣ್ಣ ಎನ್ನಬಹುದು.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಅವಳು ಬರೆದ ಮೊಟ್ಟಮೊದಲ ಡೈ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿತ್ತಂತೆ. ಎಡಗಡೆಗೆ ಬೇಕಾಗಿದ್ದ ಬ್ರಾಕೆಟ್ಟುಗಳು ಗುಡ್ಡೆ ಗುಡ್ಡೆ ಬಲಗಡೆಯವಾಗಿ ಬಿದ್ದವಂತೆ. ಮದುವೆ ಮನೆಗಳಲ್ಲಿ ಅವಳು ಇದನ್ನು ಎದ್ದು ನಿಂತು, ಸೂಪರ್‌ವೈಸರ್ ತಲೆ ಹಿಡಿದುಕೊಂಡು ಕುಸಿದು ಕುಳಿತ ರೀತಿಯನ್ನು ಮಾಡಿ ತೋರಿಸುತ್ತ ಹೇಳುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಾರೆ. ಆ ಫ್ಯಾಕ್ಟರಿಯಲ್ಲೇ ವೇಣು ಭಾವ ಅವಳನ್ನು ನೋಡಿ ಮೆಚ್ಚಿದ್ದೂ ಆ ಬ್ರಾಕೆಟ್ಟುಗಳ ಗುಡ್ಡೆಯ ಮುಂದೆಯೇ. ನಾನು ಹತ್ತು ವರ್ಷ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದೆ, ಒಂದು ಲೆಕ್ಕವನ್ನೂ ತಪ್ಪಾಗಿ ಮಾಡಿದವಳಲ್ಲ. ಹೇಳಲು ನನ್ನ ಹತ್ತಿರ ಒಂದು ಕಥೆಯೂ ಇಲ್ಲ.

ಆಮೇಲೆ ಕಂಪನಿ ಡ್ರಾಯಿಂಗ್ ವಿಭಾಗವನ್ನು ಪುಣೆಗೆ ಸಾಗಿಸಿತು. ಭಾವ ಪ್ರೆಸ್ಸಿನ ಕೆಲಸದಲ್ಲಿ ಇಲ್ಲೇ ಉಳಿದರು, ಗಂಗಕ್ಕ ಮನೆಯಲ್ಲಿ ಉಳಿದಳು. ಉಳಿದವಳು ಸುಮ್ಮನೆ ಇದ್ದಳೇ? ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಮನೆಯಿಂದಲೇ ಡೈ ಬರೆದುಕೊಡಲು ಶುರು ಮಾಡಿದಳು. ಬರೆಯಲು ಕುಳಿತದ್ದು ನಮ್ಮ ಮೆಷಿನ್ನಿನ ಮುಂದೆ.

ನಮ್ಮ ಮೆಷಿನ್ ಎಂದೆ. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಆಫೀಸಿನಿಂದ ಮುನೀಶ ಹಳೆಯ ವರ್ಕ್‌ಸ್ಟೇಷನ್ ತಂದು, ಧೂಳು ಊದಿ, ಮಹಡಿಯ ಮುಂದಿನ ಕೋಣೆಯಲ್ಲಿ ಕೂರಿಸಿದ್ದಾನೆ. ಅವನು ಫ್ಯಾಕ್ಟರಿಯೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವವನು, ಲಿನಕ್ಸ್ ಬಿಟ್ಟು ಬೇರೇನನ್ನೂ ಮನೆಗೆ ಸೇರಿಸುವುದಿಲ್ಲ. ಮಗಳು ಹುಟ್ಟಿದ ಮೇಲೆ ಬೆಂಗಳೂರಿನ ಕೆಲಸ ಬಿಟ್ಟ ನಾನು ಅದರಲ್ಲೇ ಮಕ್ಕಳ ಪಾಠದ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿಕೊಡುತ್ತೇನೆ. ಅದರೊಳಗೆ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇತ್ತು. ಪರದೆಯ ಮೇಲೆ ಚಿತ್ರ ಬಿಡಿಸುವ ಕೆಲಸವೆಲ್ಲ ಅದರದು. ಅದು ಇದ್ದುದರಿಂದ ನನ್ನ ವಿಡಿಯೊಗಳು ಸರಸರನೆ ತಯಾರಾಗುತ್ತಿದ್ದವು.

ಗಂಗಕ್ಕನ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದು. ಅದಕ್ಕಾಗಿ ಮುನೀಶ ಆ ಮೆಷಿನ್ನಿನ ಒಳಗೇ ಇನ್ನೊಂದು ಮೆಷಿನ್ ಮಾಡಿಕೊಟ್ಟಿದ್ದ. ಅದಕ್ಕೆ ತಗಡಿಲ್ಲ, ತಂತಿಯಿಲ್ಲ. ಬರೀ ಸಾಫ್ಟ್‌ವೇರಿನಲ್ಲಿ, ತಾನೂ ಒಂದು ಕಂಪ್ಯೂಟರ್ ಎಂದು ನಂಬಿಕೊಂಡಿರುವ ಮೆಷಿನ್. ಅದರ ಹೆಸರು ವರ್ಚುವಲ್ ಮೆಷಿನ್. ಹೊರಗಿನದನ್ನು ಹೋಸ್ಟ್ ಎನ್ನುತ್ತಾರೆ, ಒಳಗಿನದನ್ನು ಗೆಸ್ಟ್. ಮನೆಯವರು ಮತ್ತು ನೆಂಟರು. ಒಂದೇ ಮೇಜು, ಎರಡು ಪರದೆ. ಮನೆಯವರ ಪರದೆ ನನ್ನದು, ನೆಂಟರದು ಅವಳದು.

ಹೀಗಿರುವಾಗ ಕುಮಾರೇಶ್ ಎಂಬುವವರು ಗಂಗಕ್ಕನಿಗೆ ಫೋನ್ ಮಾಡಿದರು. ಮತ್ತಿಗಿರಿಯಲ್ಲಿ ಅವರದು ದೊಡ್ಡ ವರ್ಕ್‌ಶಾಪು. ಶನಿವಾರ ಬೆಳಿಗ್ಗೆ ಮನೆಗೇ ಬಂದು ಅವಳು ಬರೆದ ಡೈ ಪರದೆಯ ಮೇಲೆ ತೆರೆದು ಮುಚ್ಚುವುದನ್ನು ನೋಡುತ್ತಾರೆ. ಒಪ್ಪಿಗೆಯಾದರೆ ಅವರ ವರ್ಕ್‌ಶಾಪಿನ ಡ್ರಾಯಿಂಗ್ ಎಲ್ಲ ಇನ್ನು ಅವಳ ಕೈಗೆ. ಆದರೆ ನೆಂಟರ ಮೆಷಿನ್ನಿಗೆ ಸ್ವಂತ ಕಾರ್ಡ್ ಇರಲಿಲ್ಲ. ಗಂಗಕ್ಕ ಡೈಯನ್ನು ತಿರುಗಿಸಿದರೆ ಅದು ಮಂಡಿ ನೋವಿನ ಅಜ್ಜಿಯ ಹಾಗೆ ನಿಂತು ನಿಂತು ತಿರುಗುತ್ತಿತ್ತು.

"ಇದ್ನ ತೋರ್ಸಿದ್ರೆ ನನ್ ಡೈಯೇ ಸರಿಯಿಲ್ಲ ಅಂದ್ಕೊಂತಾರೆ ಕಣೋ ಮುನೀಶಾ" ಎಂದಳು. ಆ ಮಾತು ಹೇಳುವಾಗ ಅವಳು ನಗಲಿಲ್ಲ.

"ದೊಡ್ ಕಾರ್ಡ್ ನಿಮ್ಗೇ ಕೊಟ್ಬಿಡ್ತೀನಿ ಅತ್ತಿಗೆ" ಎಂದ ನನ್ನ ಗಂಡ, ಬಾಳೆಹಣ್ಣು ಕೊಡುವವನ ಹಾಗೆ.

ನಾನು ಕೇಳಿದೆ: "ನನ್ಗೆ?"

"ನಿನ್ಗೆ ಹಳೇ ಚಿಕ್ಕದೊಂದು ಇದ್ಯಲ್ಲ, ಅದನ್ನ ಹಾಕ್ತೀನಿ. ಪರದೆ ಬರುತ್ತೆ."

"ಪರದೆ ಬರುತ್ತಾ! ಸಂತೋಷ. ಇಬ್ರೂ ಹಂಚ್ಕೊಂಡ್ರೆ ಆಗಲ್ವಾ?"

"ಈ ಕಾರ್ಡನ್ನ ಹಂಚಕ್ಕಾಗಲ್ಲ ಮಾಲಿನಿ. ಕೊಟ್ರೆ ಪೂರ್ತಿ ಕೊಡ್ಬೇಕು. ಹೋಸ್ಟ್ ಅದನ್ನ ಕಣ್ಣೆತ್ತಿಯೂ ನೋಡ್ಬಾರ್ದು. ಶುರುವಾಗೋವಾಗ ಅದು ಮುಟ್ಟಿಬಿಟ್ರೆ ಗೆಸ್ಟ್‌ಗೆ ಸರಿಯಾಗಿ ಸಿಗೋದೇ ಇಲ್ಲ."

"ಹಾಗಾದ್ರೆ ಈ ಮನೇಲಿ ನಾನು ಯಾರು?"

ಅವನು ಅದನ್ನು ಕಂಪ್ಯೂಟರಿನ ಪ್ರಶ್ನೆ ಎಂದುಕೊಂಡ. "ನೀನು ಹೋಸ್ಟು" ಎಂದ.

ಆ ವಾರ ನಡುವೆ ಒಂದು ರಜೆ ಬಂತು. ಗ್ರಿಲ್ ಗೇಟಿನವನನ್ನು ಕರೆತರಲು ಪುರಸೊತ್ತಿಲ್ಲದ ಮನುಷ್ಯ ಬೆಳಿಗ್ಗೆ ಕಾಫಿ ಕುಡಿದವನೇ ಮೆಷಿನ್ನಿನ ಬಾಗಿಲು ಬಿಚ್ಚಿ ಕುಳಿತ. ನಾನು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತೆ. ಬಿಚ್ಚಿದ ಸ್ಕ್ರೂಗಳನ್ನು ಅವನು ಚಾಪೆಯ ಮೇಲೆ ಇಟ್ಟಿದ್ದ. ಒಂದು ಉರುಳಿ ಮಂಚದ ಕೆಳಗೆ ಹೋದರೆ? ಅದು ಇವಳ ಬಾಯಿಗೆ ಸಿಕ್ಕರೆ? ಗಂಗಕ್ಕ ಟಾರ್ಚ್ ಹಿಡಿದು ಅವನ ಪಕ್ಕದಲ್ಲಿ ಮಂಡಿಯೂರಿದ್ದಳು. ಇಬ್ಬರ ತಲೆಗಳೂ ಆ ಪೆಟ್ಟಿಗೆಯೊಳಗೆ. ಅನುಮಾನಪಡುವಂಥದ್ದು ಏನೂ ಇಲ್ಲ, ನನಗೂ ಗೊತ್ತು. ಆದರೂ ಹೆರಿಗೆಯಾದ ಮೇಲೆ ನನ್ನ ಒಂದು ಮಾತನ್ನಾದರೂ ಅವನು ಅಷ್ಟು ಹತ್ತಿರ ಬಾಗಿ ಕೇಳಿದ್ದಾನೆಯೇ?

ಕೆಲಸ ಸುಲಭವಾಗಲಿಲ್ಲ. ಮೆಷಿನ್ನಿನ ಬಿಡಿಭಾಗಗಳು ಒಳಗೆ ಗುಂಪು ಗುಂಪಾಗಿ ಇರುತ್ತವಂತೆ. ಒಂದನ್ನು ನೆಂಟರಿಗೆ ಕೊಡಬೇಕೆಂದರೆ ಅದರ ಗುಂಪಿನವನ್ನೆಲ್ಲ ಜೊತೆಗೆ ಕೊಡಬೇಕು. ದೊಡ್ಡ ಕಾರ್ಡ್ ಕುಳಿತಿದ್ದ ಜಾಗದಲ್ಲಿ ಇಂಟರ್ನೆಟ್ ತಂತಿ ಸಿಕ್ಕಿಸುವ ಭಾಗವೂ ಅದೇ ಗುಂಪಿನಲ್ಲಿತ್ತು.

"ಅಂದ್ರೆ ಕಾರ್ಡ್ ಜೊತೆ ಇಂಟರ್ನೆಟ್ಟೂ ಅಕ್ಕನಿಗೇ ಹೋಗುತ್ತಾ?" ಎಂದೆ.

"ಹೂಂ. ಮೇಲಿನ ಸ್ಲಾಟಿಗೆ ಹಾಕಿದ್ರೆ ಗುಂಪು ಬದಲಾಗ್ಬಹುದು, ನೋಡೋಣ."

"ಬೀರೂನೂ ಕೊಟ್ಬಿಡಿ. ಅದ್ಯಾಕೆ ಉಳಿಸ್ತೀರಾ?"

ಗಂಗಕ್ಕ ನಕ್ಕಳು. ನಾನು ತಮಾಷೆಗೆ ಅಂದದ್ದಲ್ಲ.

ಮಧ್ಯೆ ಮುನೀಶ ಆಫೀಸಿನ ಸ್ನೇಹಿತನೊಬ್ಬನನ್ನು ಕೇಳಲು ಫೋನ್ ಹಿಡಿದು ಕೆಳಗಿನ ಹಾಲಿಗೆ ಇಳಿದ. ಆಫೀಸಿನವರ ಜೊತೆ ಅವನ ಮಾತು ತಮಿಳಿನಲ್ಲಿ. "ಅಣ್ಣಿಕ್ಕು ತನಿ ಕಾರ್ಡ್ ಕುಡುಕ್ಕಣುಂಡಾ. ಒರೇ ಕಾರ್ಡ್‌ಲ ರೆಂಡು ಪೇರುಂ ಇರುಕ್ಕ ಮುಡಿಯಾದು" ಎಂದು ಜೋರಾಗಿ ಹೇಳಿದ. ಅತ್ತಿಗೆಗೆ ಬೇರೆ ಕಾರ್ಡ್ ಕೊಡಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರೂ ಇರಲಾಗುವುದಿಲ್ಲ ಎಂದು. ಹಾಲಿನಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದವರು ನಮ್ಮ ಅತ್ತೆ ಮಂಗಮ್ಮ.

ನಮ್ಮ ಕಡೆ ಕಾರ್ಡ್ ಎಂದರೆ ಒಂದೇ, ರೇಷನ್ ಕಾರ್ಡು. ಒಂದು ಕಾರ್ಡು ಎಂದರೆ ಒಂದು ಒಲೆ, ಒಂದು ಕುಟುಂಬ. ತನಿ ಕಾರ್ಡ್ ಕೇಳಿದರು ಎಂದರೆ ಬೇರೆ ಹೋಗುತ್ತಾರೆ ಎಂದೇ ಅರ್ಥ. ಅರ್ಜಿ ಹಾಕಿದರೆ ಆಫೀಸಿನವರು ಮನೆಗೆ ಬಂದು ಅಡುಗೆಮನೆಯಲ್ಲಿ ಒಲೆ ಬೇರೆ ಇದೆಯೇ ಎಂದು ನೋಡಿಕೊಂಡು ಹೋಗುತ್ತಾರೆ. ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ನಮಗೆ ತಿಳಿದದ್ದು ಆಮೇಲೆ.

ಅಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವರು ಮುದ್ದೆ ಕಟ್ಟುತ್ತ ಕೇಳಿದರು: "ಗಂಗಾ, ನಿಂಗೆ ತನಿ ಕಾರ್ಡ್ ಬೇಕೇನವ್ವಾ?"

"ಬೇಕೇ ಬೇಕು ಅತ್ತೆ. ಒಂದ್ರಾಗೆ ಇಬ್ರು ಅಂದ್ರೆ ಬರೀ ಎಳ್ದಾಟ."

"ನಿನ್ನ ಯಾರವ್ವಾ ಎಳ್ದಾಡಿದ್ರು ಈ ಮನೇಲಿ?"

"ಯಾರೂ ಇಲ್ಲ ಬಿಡಿ. ನಂದೇ ಅಂತ ಒಂದಾದ್ರೆ ನಂಗೂ ನಿರಾಳ, ಮಾಲಿನಿಗೂ ನಿರಾಳ."

"ವೇಣುಗೆ ಗೊತ್ತಾ?"

"ಅವ್ರೇ ಅಂದಿದ್ದು, ಮುನೀಶನ್ನ ಕೇಳು, ಮಾಡ್ಕೊಡ್ತಾನೆ ಅಂತ."

ನಾನು ಅಲ್ಲೇ ಮಗಳಿಗೆ ಅನ್ನ ಕಲಸುತ್ತಿದ್ದೆ. ಅತ್ತೆಯ ದನಿ ಒಡೆದದ್ದು ಕಿವಿಗೆ ಬಿದ್ದಿರಬೇಕಿತ್ತು. ಆದರೆ 'ನಂದೇ ಅಂತ ಒಂದು' ಎಂಬ ಮಾತು ಹೊಟ್ಟೆಗೆ ಇಳಿದು ಉರಿಯತೊಡಗಿದ ಮೇಲೆ ನನ್ನ ಕಿವಿಗೆ ಬೇರೇನು ಕೇಳೀತು?

ಸಂಜೆಯ ಹೊತ್ತಿಗೆ ಕಾರ್ಡ್ ಮೇಲಿನ ಸ್ಲಾಟಿಗೆ ಹೋಗಿ ತನ್ನದೇ ಗುಂಪು ಕಟ್ಟಿಕೊಂಡಿತು. ಹೋಸ್ಟ್ ಅದನ್ನು ಮುಟ್ಟದಂತೆ ಮುನೀಶ ಕಟ್ಟುನಿಟ್ಟು ಮಾಡಿದ. ಗಂಗಕ್ಕನ ಪರದೆಯ ತಂತಿಯನ್ನು ದೊಡ್ಡ ಕಾರ್ಡಿಗೆ ಸಿಕ್ಕಿಸಿದ. ಪರದೆ ಸ್ವಲ್ಪ ಹೊತ್ತು ಕಪ್ಪಗೆ ಇದ್ದು, ಆಮೇಲೆ ಹೊಳೆಯಿತು. ಅವಳು ಡೈಯನ್ನು ತಿರುಗಿಸಿದಳು. ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ತಿರುಗಿತು. "ಅಯ್ಯಯ್ಯೋ, ನೋಡ್ಲಾ, ನೋಡ್ಲಾ!" ಎಂದು ಮುನೀಶನ ಬೆನ್ನಿಗೆ ಗುದ್ದಿದಳು. ನನ್ನ ಪರದೆಯಲ್ಲಿ ಪಾಠ ಹೇಳುವ ಟೀಚರ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಹೋಗುತ್ತಿದ್ದವು. ಅದನ್ನು ಯಾರೂ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಗಂಗಕ್ಕ, ಮುನೀಶ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೊನೆಯ ಸಲ ಎಲ್ಲವನ್ನೂ ಪರೀಕ್ಷೆ ಮಾಡುತ್ತಿದ್ದರು. ನಾನು ಮೆಟ್ಟಿಲ ನಡುವೆ ಕುಳಿತು ಮಗಳಿಗೆ ತಿನ್ನಿಸುತ್ತಿದ್ದೆ. ಬೀದಿ ಗೇಟಿನ ಸದ್ದಾಯಿತು. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟು. "ಗಂಗಾದೇವಿ ವೀಡು ಇದುದಾನಾ? ಪಾಕ್ಕ ವಂದೇನ್" ಎಂದರು ಬಂದವರು. ಗಂಗಾದೇವಿ ಮನೆ ಇದೇನಾ, ನೋಡಲು ಬಂದೆ ಎಂದು.

ನೋಡಲು ಬಂದೆ ಎಂದದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ವಾಂಗ ಸಾರ್, ನಲ್ಲಾ ಪಾರುಂಗ", ಬನ್ನಿ, ಚೆನ್ನಾಗಿ ನೋಡಿ ಎನ್ನುತ್ತ ಅವರನ್ನು ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋದರು. "ಒರೇ ಅಡುಪ್ಪು ಸಾರ್. ಪಾತ್ತುಕ್ಕೋಂಗ." ಒಂದೇ ಒಲೆ, ನೋಡಿಕೊಳ್ಳಿ ಎನ್ನುತ್ತ ಗ್ಯಾಸ್ ಒಲೆಯನ್ನು ಎರಡೂ ಕೈಯಿಂದ ತೋರಿಸಿದರು. ಆ ಮನುಷ್ಯ ಮರ್ಯಾದಸ್ಥ. ಬಗ್ಗಿ ಒಲೆಯನ್ನು ನೋಡಿದರು. ಒಲೆಯ ಕೆಳಗೂ ನೋಡಿದರು.

"ನಲ್ಲಾ ಇರುಕ್ಕುಮ್ಮಾ" ಎಂದರು, ಚೆನ್ನಾಗಿದೆ ಎಂದು.

"ಗಂಗಾಗೆ ಕಾರ್ಡ್ ವೇಂಡಾಂ ಸಾರ್" ಎಂದರು ಅತ್ತೆ, ಕಾರ್ಡ್ ಬೇಡ ಎಂದು. ಅಲ್ಲಿಂದ ಮುಂದಕ್ಕೆ ತಮಿಳು ಸಾಲದೆ ಕನ್ನಡಕ್ಕೆ ಬಂದರು. "ಹುಡುಗ್ರು ಏನೋ ಬರ್ದ್ಹಾಕ್ಬುಟ್ಟವ್ರೆ. ನಾನಿರೋ ತಂಕ ಈ ಮನೇಲಿ ಬೇರೆ ಅನ್ನೋದಿಲ್ಲ. ಅವ್ಳು ನಿಮ್ಮನ್ನ ಏನೂ ಕೇಳಿಲ್ಲ ಅಂದ್ಕೊಳ್ಳಿ. ನೀವು ಹೋಗ್ಬುಡಿ ಸಾರ್."

ಆ ಮಾತಿನಲ್ಲಿ ಕುಮಾರೇಶ್ ಅವರಿಗೆ ಅರ್ಥವಾದದ್ದು ಒಂದೇ, ಮನೆಯ ಹಿರಿಯರಿಗೆ ಸೊಸೆ ಕೆಲಸ ಮಾಡುವುದು ಇಷ್ಟವಿಲ್ಲ. ಅವರು ಕೈ ಮುಗಿದು ಹೊರಗೆ ಬಂದರು. ಗಾಡಿಯ ಹತ್ತಿರ ನಿಂತು ಹೆಲ್ಮೆಟ್ ಹಾಕಿಕೊಳ್ಳತೊಡಗಿದರು.

ಮೆಟ್ಟಿಲ ಮೇಲಿದ್ದ ನನಗೆ ಆಗ ಎಲ್ಲ ಒಟ್ಟಿಗೆ ಹೊಳೆಯಿತು. ತನಿ ಕಾರ್ಡು, ಮುದ್ದೆ ಕಟ್ಟುವಾಗಿನ ಪ್ರಶ್ನೆ, ಒಲೆ. ಮಹಡಿಯ ಬಾಗಿಲು ಹಾಕಿಯೇ ಇತ್ತು, ಒಳಗಿನವರಿಗೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಈ ಮನುಷ್ಯ ಗಾಡಿ ಹತ್ತಿದರೆ ಮುಗಿಯಿತು. ದೊಡ್ಡ ಕಾರ್ಡು ಮತ್ತೆ ನನ್ನ ಪರದೆಗೆ ಬರುತ್ತದೆ. ನಾನು ಮಾಡಬೇಕಾದದ್ದು ಏನೂ ಇಲ್ಲ. ಸುಮ್ಮನೆ ಮಗಳ ಬಾಯಿಗೆ ಇನ್ನೊಂದು ತುತ್ತು ಇಟ್ಟರೆ ಸಾಕು.

ತುತ್ತು ಕೈಯಲ್ಲೇ ಇತ್ತು. ಆದರೆ ಗಂಗಕ್ಕ ಅಳುವುದನ್ನು ನೆನೆಸಿಕೊಂಡೆ. ಅವಳು ಅತ್ತರೆ ಅತ್ತೆ ಅವಳ ತಲೆ ಸವರುತ್ತಾರೆ, ಭಾವ ರಜೆ ಹಾಕುತ್ತಾರೆ, ಮುನೀಶ ಅವಳಿಗೆ ಇನ್ನೂ ದೊಡ್ಡ ಮೆಷಿನ್ ಹುಡುಕಿಕೊಂಡು ಹೊರಡುತ್ತಾನೆ, ನನ್ನ ಮಗಳೇ ಹೋಗಿ ಅವಳ ಕಣ್ಣು ಒರೆಸುತ್ತಾಳೆ. ಅವಳು ಗೆದ್ದರೆ ನನಗೆ ಹೊಟ್ಟೆಯುರಿ ಒಂದೇ. ಸೋತರೆ ಇಡೀ ಮನೆ ಅವಳ ಸುತ್ತ. ಎದ್ದು ನಿಂತು ಕೂಗಿದೆ: "ಸಾರ್! ಕುಮಾರೇಶ್ ಸಾರ್! ಹೋಗ್ಬೇಡಿ. ಮೇಲೆ ಬನ್ನಿ. ಅಕ್ಕ ನಿಮ್ಗೇ ಕಾಯ್ತಿದಾರೆ."

ಅವರು ಹೆಲ್ಮೆಟ್ಟಿನ ಒಳಗಿಂದ ಅತ್ತೆಯ ಕಡೆ ನೋಡಿದರು.

"ಅತ್ತೆ, ಇವ್ರು ರೇಷನ್ ಆಫೀಸಿನೋರಲ್ಲ!" ಎಂದೆ.

ಮಹಡಿಯಲ್ಲಿ ಗಂಗಕ್ಕ ತನ್ನ ಡೈಯನ್ನು ತೆರೆದಳು. ಮೇಲಿನ ಅರ್ಧ ನಿಧಾನವಾಗಿ ಎದ್ದಿತು, ತಗಡಿನ ಪಟ್ಟಿ ಜಾರಿ ಒಳಗೆ ಬಂತು, ಅಚ್ಚು ಇಳಿದು ತುಂಡು ಬಿತ್ತು. ಕುಮಾರೇಶ್ ಸಾರ್ ಹಿಂದಕ್ಕೆ ತಿರುಗಿಸಿ ಎಂದರು, ಹತ್ತಿರ ತನ್ನಿ ಎಂದರು, ಅಡ್ಡಲಾಗಿ ಕತ್ತರಿಸಿ ತೋರಿಸಿ ಎಂದರು. ಎಲ್ಲಿಯೂ ಅದು ತಡೆದು ನಿಲ್ಲಲಿಲ್ಲ. ಒಂದು ಕಡೆ ಸಂದು ಕಡಿಮೆಯಾಯಿತು ಎಂದು ಅವರು ತಪ್ಪು ಹಿಡಿದರು. ಹಿಡಿದದ್ದು ಸರಿಯೂ ಆಗಿತ್ತು. ಗಂಗಕ್ಕ ಜಗಳವಾಡದೆ ಅಲ್ಲೇ ತಿದ್ದಿದಳು.

"ಸೋಮವಾರ ಬಂದು ಉಳಿದ ಕೆಲಸ ತಗೊಂಡು ಹೋಗಿಮ್ಮಾ" ಎಂದರು ಕಡೆಗೆ. ಕಾಫಿ ಲೋಟ ಕೆಳಗಿಡುತ್ತ ಮೆಲ್ಲಗೆ, "ಒಂದು ವಿಷಯ. ನಿಮ್ಮ ಅಡುಪ್ಪನ್ನು ನನಗೆ ಯಾಕೆ ತೋರಿಸಿದರು?" ಎಂದು ಕೇಳಿದರು.

ಆ ದಿನ ಗಂಗಕ್ಕ ನಕ್ಕ ನಗು ಬೀದಿಯ ಕೊನೆಯವರೆಗೂ ಹೋಗಿರಬೇಕು. ಅತ್ತೆಗೆ ಸಿಟ್ಟು. "ಕಾರ್ಡ್ ಅಂದ್ರೆ ಕಾರ್ಡಲ್ವೇನ್ಲಾ ಮುನೀಶ? ಕಂಪ್ಯೂಟ್ರಿಗೂ ಕಾರ್ಡ್ ಕೊಡ್ತಾರೆ ಅಂತ ನಂಗೇನ್ ಗೊತ್ತು? ಅದೂ ಅಕ್ಕಿ ತಿಂತದಾ?" ಎಂದರು. ಆಮೇಲೆ ಗಂಗಕ್ಕನನ್ನು ಹತ್ತಿರ ಎಳೆದುಕೊಂಡು, "ಬೇರೆ ಹೋಯ್ತೀಯೇನೋ ಅಂತ ನನ್ ಜೀವ್ವೇ ಹೋಗ್ಬುಟ್ಟಿತ್ತು ಕಣವ್ವಾ" ಎಂದು ಕಣ್ಣೊರೆಸಿಕೊಂಡರು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಗೆದ್ದರೂ ಇಡೀ ಮನೆ ಅವಳ ಸುತ್ತಲೇ ನಿಂತಿತ್ತು.

ಕುಮಾರೇಶ್ ಅವರನ್ನು ತಡೆದು ಮೇಲೆ ಕರೆದದ್ದು ನಾನು ಎಂದು ನೆನಪಿಟ್ಟುಕೊಂಡವಳೂ ಅವಳೇ. "ಮಾಲಿನಿ ವಿಡಿಯೊ ಸಿಕ್ಕಾಕ್ಕೊಂತದೆ, ನಾನು ನೋಡಿದ್ದೀನಿ. ನಂಗೆ ಮಧ್ಯಾಹ್ನದ ತಂಕ ಸಾಕು ಕಣೋ. ಆಮೇಲೆ ಕಾರ್ಡ್ ಅವ್ಳಿಗೆ ಹೋಗೋ ಹಂಗೆ ಮಾಡು" ಎಂದು ಮುನೀಶನಿಗೆ ಹೇಳಿದಳು. ಮೆಷಿನ್ ಆರಿಸಿ ಹಚ್ಚಿದರೆ ಈಗ ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಒಂದನ್ನು ಒತ್ತಿದರೆ ಕಾರ್ಡು ನೆಂಟರಿಗೆ, ಇನ್ನೊಂದನ್ನು ಒತ್ತಿದರೆ ಮನೆಯವರಿಗೆ. ಎಷ್ಟು ದೊಡ್ಡ ಮನಸ್ಸು ನಮ್ಮ ಗಂಗಾದು ಎಂದರು ಅತ್ತೆ. ಎಷ್ಟು ದೊಡ್ಡ ಮನಸ್ಸು ಎಂದರು ಭಾವ. ನನ್ನ ಕಾರ್ಡನ್ನು ನನಗೇ ಕೊಟ್ಟು ದೊಡ್ಡವಳೆನಿಸಿಕೊಂಡಳು.

ಮೊದಲ ದಿನ ಮಧ್ಯಾಹ್ನ ನನ್ನ ಸರದಿಗೆ ಹೋಗಿ ಕುಳಿತಾಗ ಆ ಎರಡು ಸಾಲುಗಳನ್ನು ಓದಿದೆ. ಮುನೀಶ ಮೊದಲನೆಯದಕ್ಕೆ 'ಗಂಗಾ' ಎಂದು ಹೆಸರಿಟ್ಟಿದ್ದ. ಎರಡನೆಯದಕ್ಕೆ 'ಮಾಮೂಲಿ'.

ಮಾಮೂಲಿ!

ಆ ಸಾಲುಗಳು ಯಾವ ಫೈಲಿನಲ್ಲಿ ಇರುತ್ತವೆ ಎಂದು ನಾನೇ ಹುಡುಕಿದೆ, ತೆರೆದೆ, ಮೊದಲು ಒಂದು ಪ್ರತಿ ತೆಗೆದಿಟ್ಟೆ. ಮಗಳು ಮಲಗಿ ಏಳುವಷ್ಟರಲ್ಲಿ 'ಮಾಮೂಲಿ' ಹೋಗಿ 'ಮಾಲಿನಿ' ಬಂತು. ಹಾಗೆಯೇ ಅದನ್ನು ಮೇಲಕ್ಕೆ ತಂದೆ. ಮೇಲಿನ ಸಾಲಿಗೆ ಒಂದು ಅನು​ಕೂಲವಿದೆ. ಯಾರೂ ಏನನ್ನೂ ಒತ್ತದಿದ್ದರೆ ಮೆಷಿನ್ ತಾನಾಗಿಯೇ ಅದನ್ನು ಆರಿಸಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ ಮಹಡಿಯಿಂದ ಕೂಗು ಬಂತು. "ಮುನೀಶಾ! ನನ್ ಕಾರ್ಡ್ ಎಲ್ಲೋಯ್ತೋ? ಪರದೆ ಕಪ್ಪಗೈತೆ ನೋಡ್ಬಾರೋ!"

ಮುನೀಶ ಸ್ನಾನಕ್ಕೆ ಹೋಗಿದ್ದ. ನಾನು ಮಗಳ ಬಾಯಿಗೆ ಇಡ್ಲಿ ಇಡುತ್ತ, ಕುಳಿತಲ್ಲಿಂದಲೇ ಹೇಳಿದೆ:

"ಮೆಷಿನ್ ಆರಿಸಿ ಹಚ್ಚಿ ಅಕ್ಕಾ. ನಿಮ್ದು ಎರಡನೇ ಸಾಲು. ಕೆಳಗಿನ ಬಾಣ ಒತ್ತಿ."